ಕ್ಷಮೆ ಎಂಬ ಕಠಿಣ ಪ್ರಾರ್ಥನೆ

ಕ್ಷಮೆಯ ಮಾತು ಬಂದಾಗ ಭೂಮಿಯನ್ನು ಹೋಲಿಕೆಯಾಗಿ ತರುವುದು ನಮ್ಮಲ್ಲಿ ರೂಢಿ. ಕ್ಷಮಾಗುಣವನ್ನು ಕೊಂಡಾಡದ ಧರ್ಮವಿಲ್ಲ. ಕ್ರೈಸ್ತ ಧರ್ಮವಂತೂ ಅದನ್ನು ನಿತ್ಯದ ಪ್ರಾರ್ಥನೆಗೇ ಸೇರಿಸಿತು. ಯೇಸು ತನ್ನ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿ ದೇವರ ಕ್ಷಮೆಯನ್ನು ಬೇಡುವ ಭಕ್ತ, ತನಗೆ ತಪ್ಪೆಸಗಿದವರನ್ನು ತಾನು ಕ್ಷಮಿಸಿರುವುದನ್ನೂ ಅದರೊಡನೆಯೇ ನಿವೇದಿಸಿಕೊಳ್ಳಬೇಕು. ಕೋಟ್ಯಂತರ ಜನ ಪ್ರತಿದಿನ ಆ ಪ್ರಾರ್ಥನೆಯನ್ನು ಹೇಳುತ್ತಾರೆ. ಹೇಳುವುದು ಕಷ್ಟವಲ್ಲ. ಆದರೆ ನಮ್ಮ ಬದುಕನ್ನೇ ಛಿದ್ರಗೊಳಿಸಿದ ಮನುಷ್ಯ ಎದುರಿಗೆ ಬಂದು ನಿಂತು ಆ ಮಾತಿಗೆ ಲೆಕ್ಕ ಕೇಳಿದರೆ ಏನು ಮಾಡುವುದು? ಕೋರಿ ಟೆನ್ ಬೂಮ್ ಎಂಬ ಡಚ್ ಮಹಿಳೆಯ ಬದುಕು ಈ ಪ್ರಶ್ನೆಯನ್ನು ಎದುರಿಸಿದ ಬಗೆ, ಧರ್ಮಶ್ರದ್ಧೆ ಇರುವವರಿಗೂ ಇಲ್ಲದವರಿಗೂ ಯೋಚನೆಗೆ ಹಚ್ಚುವಂಥದ್ದು.

1892ರ ಏಪ್ರಿಲ್ 15ರಂದು ಹುಟ್ಟಿದ ಕೋರಿ ಬೆಳೆದದ್ದು ನೆದರ್ಲೆಂಡ್ಸ್‌ನ ಹಾರ್ಲೆಮ್ ಪಟ್ಟಣದಲ್ಲಿ. ಅಜ್ಜ ವಿಲ್ಲೆಮ್ 1837ರಲ್ಲಿ ಅಲ್ಲೊಂದು ಗಡಿಯಾರದ ಅಂಗಡಿ ತೆರೆದಿದ್ದರು. ಕೆಳಗೆ ಅಂಗಡಿ, ಮೇಲೆ ಮನೆ. ತಂದೆ ಕ್ಯಾಸ್ಪರ್ ಕುಶಲ ಕಸುಬುದಾರರು, ವ್ಯವಹಾರದಲ್ಲಿ ಮಾತ್ರ ಹಿಂದು. ಡಚ್ ರಿಫಾರ್ಮ್ಡ್ ಪಂಥಕ್ಕೆ ಸೇರಿದ ಆ ಕುಟುಂಬದಲ್ಲಿ ಬೆಳಿಗ್ಗೆ ಮತ್ತು ರಾತ್ರಿ ಬೈಬಲ್ ಓದುವುದು ತಪ್ಪುತ್ತಿರಲಿಲ್ಲ. ಯೆಹೂದ್ಯರ ಕ್ಷೇಮಕ್ಕಾಗಿ ಪ್ರಾರ್ಥಿಸುವ ಒಂದು ಕೂಟವನ್ನು ಅಜ್ಜ 1844ರಲ್ಲೇ ಆ ಮನೆಯಲ್ಲಿ ಆರಂಭಿಸಿದ್ದರೆಂದು ಕುಟುಂಬದವರು ನೆನೆಯುತ್ತಿದ್ದರು. ಸರಿಯಾಗಿ ನೂರು ವರ್ಷಗಳ ಬಳಿಕ, ಯೆಹೂದ್ಯರಿಗೆ ಆಶ್ರಯ ಕೊಟ್ಟ ಅಪರಾಧಕ್ಕಾಗಿ ಅದೇ ಮನೆಯಿಂದ ಅವರ ಮಗ ಮತ್ತು ಮೊಮ್ಮಕ್ಕಳ ಬಂಧನವಾಯಿತು.

ಕೋರಿ ಮದುವೆಯಾಗಲಿಲ್ಲ. ಯೌವನದಲ್ಲಿ ಪ್ರೀತಿಸಿದ ತರುಣ ಸ್ಥಿತಿವಂತರ ಮನೆಯ ಹುಡುಗಿಯನ್ನು ಆರಿಸಿಕೊಂಡಾಗ ಅವರಿಗಾದ ಆಘಾತ ಸಣ್ಣದಲ್ಲ. ಆ ನೋವನ್ನು ತಾವಾಗಿ ನೀಗಲಾರದೆ, ಅವನ ಬಗೆಗಿನ ಪ್ರೀತಿಗೆ ಬೇರೊಂದು ದಾರಿ ತೋರುವಂತೆ ದೇವರನ್ನೇ ಬೇಡಿಕೊಂಡೆನೆಂದು ಅವರು ಮುಂದೆ ಹೇಳಿಕೊಂಡರು. ಇಂಥದೊಂದು ಪ್ರಾರ್ಥನೆಯ ದಾರಿಯನ್ನು ತೋರಿಸಿಕೊಟ್ಟವರು ತಂದೆ. ತನ್ನಲ್ಲಿ ಇಲ್ಲದ ಶಕ್ತಿಯನ್ನು ಸಂಕೋಚವಿಲ್ಲದೆ ಬೇಡುವ ಈ ಅಭ್ಯಾಸ ಅವರ ಬದುಕಿನುದ್ದಕ್ಕೂ ಉಳಿಯಿತು. 1922ರಲ್ಲಿ ಅವರು ನೆದರ್ಲೆಂಡ್ಸ್‌ನಲ್ಲಿ ಗಡಿಯಾರ ದುರಸ್ತಿಯ ಪರವಾನಗಿ ಪಡೆದ ಮೊದಲ ಮಹಿಳೆಯಾದರು. ಬಿಡುವಿನ ವೇಳೆಯಲ್ಲಿ ಹೆಣ್ಣುಮಕ್ಕಳಿಗಾಗಿ ಸಂಘಗಳನ್ನು ನಡೆಸಿದರು. ಬುದ್ಧಿಮಾಂದ್ಯರಿಗೆ ಧಾರ್ಮಿಕ ಪಾಠ ಹೇಳಿದರು. ಐವತ್ತು ವರ್ಷ ತುಂಬುವವರೆಗೆ ಅವರದು ಪಟ್ಟಣದ ಹೊರಗೆ ಹೆಚ್ಚು ಜನಕ್ಕೆ ತಿಳಿಯದ, ಶಿಸ್ತಿನ, ಸಾಧಾರಣ ಬದುಕು.

1940ರ ಮೇ ತಿಂಗಳಲ್ಲಿ ಜರ್ಮನ್ ಸೇನೆ ನೆದರ್ಲೆಂಡ್ಸ್ ಅನ್ನು ಆಕ್ರಮಿಸಿತು. ಯೆಹೂದ್ಯರ ಮೇಲಿನ ನಿರ್ಬಂಧಗಳು ಒಂದೊಂದಾಗಿ ಬಂದವು. ಮೊದಲು ಉದ್ಯೋಗ ಹೋಯಿತು, ಬಳಿಕ ಸಾರ್ವಜನಿಕ ಸ್ಥಳಗಳ ಪ್ರವೇಶ ತಪ್ಪಿತು, ಬಟ್ಟೆಯ ಮೇಲೆ ಹಳದಿ ನಕ್ಷತ್ರ ಬಂತು, ಕೊನೆಗೆ ರೈಲುಗಳು. ಆ ದೇಶದಲ್ಲಿದ್ದ ಸುಮಾರು 1 ಲಕ್ಷ 40 ಸಾವಿರ ಯೆಹೂದ್ಯರಲ್ಲಿ 1 ಲಕ್ಷಕ್ಕೂ ಹೆಚ್ಚು ಮಂದಿ ಯುದ್ಧ ಮುಗಿಯುವಷ್ಟರಲ್ಲಿ ಕೊಲೆಯಾದರು. ಪಶ್ಚಿಮ ಯುರೋಪಿನ ಬೇರೆ ಯಾವ ಆಕ್ರಮಿತ ದೇಶದಲ್ಲೂ ಸಾವಿನ ಪ್ರಮಾಣ ಇಷ್ಟಿರಲಿಲ್ಲ. ಇಂಥ ಕಾಲದಲ್ಲಿ, 1942ರಲ್ಲಿ, ಯೆಹೂದಿ ಮಹಿಳೆಯೊಬ್ಬರು ಕೈಯಲ್ಲೊಂದು ಪೆಟ್ಟಿಗೆ ಹಿಡಿದು ಟೆನ್ ಬೂಮ್ ಕುಟುಂಬದ ಬಾಗಿಲಿಗೆ ಬಂದರು. ಕ್ಯಾಸ್ಪರ್ ಒಳಗೆ ಕರೆದರು. ಅಲ್ಲಿಂದ ಮುಂದೆ ಆ ಮನೆ ಒಂದು ಗುಪ್ತ ಜಾಲದ ಕೇಂದ್ರವಾಯಿತು. ಬಂದವರಿಗೆ ಹಳ್ಳಿಗಾಡಿನಲ್ಲಿ ಸುರಕ್ಷಿತ ಮನೆಗಳನ್ನು ಹುಡುಕುವುದು, ಆಹಾರ ಇಲಾಖೆಯಲ್ಲಿದ್ದ ಪರಿಚಿತರ ಮೂಲಕ ಪಡಿತರ ಚೀಟಿಗಳನ್ನು ಹೊಂದಿಸುವುದು, ಸಂದೇಶ ಮುಟ್ಟಿಸುವುದು ಕೋರಿಯವರ ಪಾಲಿಗೆ ಬಂತು. ಮೇಲಿನ ಮಹಡಿಯ ಅವರ ಮಲಗುವ ಕೋಣೆಯಲ್ಲಿ ಒಂದು ಸುಳ್ಳು ಗೋಡೆ ಎದ್ದಿತು. ಅದರ ಹಿಂದೆ ಆರೇಳು ಮಂದಿ ಒತ್ತೊತ್ತಾಗಿ ನಿಲ್ಲಬಹುದಾದಷ್ಟು ಜಾಗ. ಒಳಗೆ ಹೋಗಲು ಕಪಾಟಿನ ಅಡಿಯಲ್ಲೊಂದು ಕಿಂಡಿ.

1944ರ ಫೆಬ್ರುವರಿ 28ರಂದು ಅಪರಿಚಿತನೊಬ್ಬ ಅಂಗಡಿಗೆ ಬಂದ. ಯೆಹೂದ್ಯರಿಗೆ ನೆರವಾದದ್ದಕ್ಕಾಗಿ ತನ್ನ ಹೆಂಡತಿ ಬಂಧನದಲ್ಲಿದ್ದಾಳೆ, ಪೊಲೀಸನೊಬ್ಬನಿಗೆ ಲಂಚ ಕೊಟ್ಟು ಬಿಡಿಸಲು 600 ಗಿಲ್ಡರ್ ಬೇಕು ಎಂದು ಅಂಗಲಾಚಿದ. ಜ್ವರದಿಂದ ಮಲಗಿದ್ದ ಕೋರಿ ಎದ್ದು ಬಂದು ಹಣ ಹೊಂದಿಸುವ ಭರವಸೆ ಕೊಟ್ಟರು. ಆತ ಜರ್ಮನರ ಮಾಹಿತಿದಾರ, ಅವರದೇ ದೇಶದವನು. ಕೆಲವೇ ಗಂಟೆಗಳಲ್ಲಿ ಮನೆಯ ಮೇಲೆ ದಾಳಿಯಾಯಿತು. ಮನೆಮಂದಿ, ಪ್ರಾರ್ಥನೆಗೆ ಬಂದವರು, ಸುದ್ದಿ ತಂದವರು ಎಲ್ಲ ಸೇರಿ ಸುಮಾರು ಮೂವತ್ತು ಜನ ಸೆರೆಯಾದರು. ಗೋಡೆಯ ಹಿಂದೆ ಅಡಗಿದ್ದ ಆರು ಜನ ಮಾತ್ರ ಸಿಗಲಿಲ್ಲ. ಅನ್ನ ನೀರಿಲ್ಲದೆ ಎರಡು ದಿನ ಅಲ್ಲೇ ನಿಂತಿದ್ದ ಅವರನ್ನು ಜಾಲದ ಸಹಾಯಕರು ಗುಟ್ಟಾಗಿ ಹೊರತಂದರು.

ಕ್ಯಾಸ್ಪರ್‌ಗೆ ಆಗ 84 ವರ್ಷ. ಮುದುಕನೆಂಬ ಕನಿಕರದಿಂದ ಅಧಿಕಾರಿಯೊಬ್ಬ, ಮುಂದೆ ಇಂಥ ಕೆಲಸಕ್ಕೆ ಕೈಹಾಕುವುದಿಲ್ಲವೆಂದು ಮಾತು ಕೊಟ್ಟರೆ ಮನೆಗೆ ಕಳುಹಿಸುತ್ತೇನೆಂದನಂತೆ. ಕಷ್ಟದಲ್ಲಿ ಬಾಗಿಲು ತಟ್ಟುವ ಯಾರಿಗೇ ಆದರೂ ತಾನು ಮತ್ತೆ ಬಾಗಿಲು ತೆರೆಯುವೆನೆಂದು ಅವರು ಉತ್ತರಿಸಿದರು. ಬಂಧನವಾದ ಹತ್ತೇ ದಿನಗಳಲ್ಲಿ ತೀರಿಕೊಂಡರು. ಸ್ಕೆವೆನಿಂಗೆನ್ ಸೆರೆಮನೆಯ ಒಂಟಿ ಕೋಣೆಯಲ್ಲಿದ್ದ ಕೋರಿಗೆ ಈ ಸುದ್ದಿ ಮುಟ್ಟಿದ್ದು ತಡವಾಗಿ.

ಜೂನ್ ತಿಂಗಳಲ್ಲಿ ಕೋರಿ ಮತ್ತು ಅಕ್ಕ ಬೆಟ್ಸಿಯನ್ನು ವುಖ್ತ್ ಎಂಬಲ್ಲಿನ ಶಿಬಿರಕ್ಕೆ ಸಾಗಿಸಲಾಯಿತು. ತಮ್ಮನ್ನು ಹಿಡಿದುಕೊಟ್ಟವನ ಹೆಸರು ಅವರಿಗೆ ತಿಳಿದದ್ದು ಅಲ್ಲಿಯೇ. ಆ ಮನುಷ್ಯ ಎದುರಿಗಿದ್ದರೆ ಕೊಂದೇಬಿಡುತ್ತಿದ್ದೆನೇನೋ ಎನ್ನುವಷ್ಟು ರೋಷ ಕೋರಿಯೊಳಗೆ ಕುದಿಯಿತು. ಅಕ್ಕನ ಮುಖದಲ್ಲಿ ಅಂಥ ರೋಷದ ಸುಳಿವೇ ಇರಲಿಲ್ಲ. ವಿಚಾರಿಸಿದಾಗ, ಅವನು ಒಳಗೊಳಗೇ ಅನುಭವಿಸುತ್ತಿರಬಹುದಾದ ಸಂಕಟಕ್ಕಾಗಿ ತಾನು ಪ್ರಾರ್ಥಿಸುತ್ತಿರುವುದಾಗಿ ಬೆಟ್ಸಿ ತಿಳಿಸಿದರು. ಆ ರಾತ್ರಿ ಕೋರಿಗೆ ಹೊಳೆದ ಸತ್ಯ ಕಹಿಯಾಗಿತ್ತು. ಕೊಲೆಯ ಬಯಕೆಯನ್ನು ಮನಸ್ಸಿನಲ್ಲಿಟ್ಟುಕೊಂಡ ತಾನು ಅವನಿಗಿಂತ ತೀರ ಬೇರೆಯೇನಲ್ಲ ಎಂದು ಕಂಡುಕೊಂಡ ಬಳಿಕವೇ ಅವನ ಹೆಸರು ಹೇಳಿ ಪ್ರಾರ್ಥಿಸಲು ಅವರಿಗೆ ಸಾಧ್ಯವಾಯಿತು. ಯುದ್ಧ ಮುಗಿದ ಮೇಲೆ, ಸೆರೆಯಲ್ಲಿದ್ದ ಆತನಿಗೆ ಅವರು ಕಾಗದ ಬರೆದು, ತಮ್ಮ ತಂದೆ ಮತ್ತು ಅಕ್ಕನ ಸಾವಿಗೆ ಅವನ ಕೃತ್ಯ ಹೇಗೆ ಕಾರಣವಾಯಿತೆಂದು ಮುಚ್ಚಿಡದೆ ತಿಳಿಸಿ, ಕ್ಷಮಿಸಿರುವುದಾಗಿ ಹೇಳಿದರು. ಆ ಕಾಗದದಲ್ಲಿ ಅಪರಾಧವನ್ನು ಮರೆಮಾಚುವ ಒಂದು ಮಾತೂ ಇರಲಿಲ್ಲ ಎಂಬುದು ಗಮನಾರ್ಹ.

ಸೆಪ್ಟೆಂಬರ್‌ನಲ್ಲಿ ಅವರಿಬ್ಬರನ್ನೂ ಬರ್ಲಿನ್‌ನ ಉತ್ತರಕ್ಕಿರುವ ರಾವೆನ್ಸ್‌ಬ್ರುಕ್ ಮಹಿಳಾ ಶಿಬಿರಕ್ಕೆ ಒಯ್ಯಲಾಯಿತು. 1939ರಿಂದ 1945ರವರೆಗೆ 1 ಲಕ್ಷಕ್ಕೂ ಹೆಚ್ಚು ಮಹಿಳೆಯರು ಹಾದುಹೋದ, ಅವರಲ್ಲಿ ಹತ್ತಾರು ಸಾವಿರ ಮಂದಿ ಮಡಿದ ಜಾಗ ಅದು. ನಸುಕಿನಲ್ಲಿ ಚಳಿಯಲ್ಲಿ ಗಂಟೆಗಟ್ಟಲೆ ಹಾಜರಿಗೆ ನಿಲ್ಲುವುದು, ಹಗಲೆಲ್ಲ ದುಡಿತ, ರಾತ್ರಿ ಚಿಗಟಗಳಿಂದ ತುಂಬಿದ ಹುಲ್ಲಿನ ಮೇಲೆ ಒಬ್ಬರಿಗೊಬ್ಬರು ಅಂಟಿಕೊಂಡು ಮಲಗುವುದು. ಕಾವಲಿನವರ ಕಣ್ಣುತಪ್ಪಿಸಿ ಒಳತಂದ ಪುಟ್ಟ ಬೈಬಲ್ ಒಂದು ಅವರ ಬಳಿ ಇತ್ತು. ಮಂದ ಬೆಳಕಿನ ಕೆಳಗೆ ಅದನ್ನು ಡಚ್ ಭಾಷೆಯಲ್ಲಿ ಓದಿ ಜರ್ಮನ್‌ನಲ್ಲಿ ಹೇಳುತ್ತಿದ್ದರು. ಅದನ್ನು ಕೇಳಿದವರು ಪೋಲಿಷ್, ರಷ್ಯನ್, ಫ್ರೆಂಚ್ ಭಾಷೆಗಳಲ್ಲಿ ಮುಂದಿನವರಿಗೆ ದಾಟಿಸುತ್ತಿದ್ದರು. ಚಿಗಟಗಳಿಗೂ ದೇವರಿಗೆ ಕೃತಜ್ಞತೆ ಸಲ್ಲಿಸಬೇಕೆಂದು ಬೆಟ್ಸಿ ಹೇಳಿದಾಗ ಕೋರಿಗೆ ಅದು ಅತಿಯೆನಿಸಿತ್ತು. ಕಾವಲುಗಾರರು ತಮ್ಮ ಕೋಣೆಯತ್ತ ಏಕೆ ಸುಳಿಯುವುದಿಲ್ಲವೆಂಬ ಕಾರಣ ಕೆಲವು ವಾರಗಳ ನಂತರ ತಿಳಿಯಿತು. ಅವರು ಹೆದರಿದ್ದು ಚಿಗಟಗಳಿಗೆ.

ಕೋರಿ ಹುಟ್ಟಾ ಸಂತಳಲ್ಲ. ತಾವೇ ಒಪ್ಪಿಕೊಂಡಂತೆ, ಶಿಬಿರದ ಚಳಿಯಲ್ಲಿ ಸಾಲಿನ ನಡುವಿನ ಬೆಚ್ಚಗಿನ ಜಾಗಕ್ಕೆ ಉಪಾಯವಾಗಿ ನುಸುಳಿದವರು, ಅಕ್ಕನಿಗೆಂದು ಉಳಿಸಿಕೊಂಡ ಔಷಧವನ್ನು ಬೇರೆಯವರಿಗೆ ಕೊಡಲು ಹಿಂಜರಿದವರು. ಅಕ್ಕನನ್ನು ಹೊಡೆದವರ ಮೇಲೆ ಎರಗಲು ಹೊರಟವರು. ಬೆಟ್ಸಿಯೋ, ಕೊರಡೆ ಬೀಸುವವರನ್ನೂ ಪ್ರೀತಿ ಕಲಿಯಬೇಕಾದ ದುರ್ದೈವಿಗಳೆಂದೇ ನೋಡಿದರು. ಯುದ್ಧದ ನಂತರ ನೊಂದವರಿಗೊಂದು ಮನೆ ತೆರೆಯಬೇಕು, ಹಾಗೆಯೇ ದ್ವೇಷದಿಂದ ಕೆಟ್ಟುಹೋದ ಜರ್ಮನರಿಗೂ ಒಂದು ನೆಲೆ ಬೇಕು ಎಂದು ತಂಗಿಗೆ ಹೇಳುತ್ತ ಬಂದರು. 1944ರ ಡಿಸೆಂಬರ್ 16ರಂದು, 59ನೆಯ ವಯಸ್ಸಿನಲ್ಲಿ ಬೆಟ್ಸಿ ಶಿಬಿರದಲ್ಲೇ ಕೊನೆಯುಸಿರೆಳೆದರು. ಅದಾದ ಎರಡು ವಾರಗಳೊಳಗೆ ಕೋರಿಯ ಬಿಡುಗಡೆಯಾಯಿತು. ಕಚೇರಿಯ ಕಾಗದಪತ್ರದ ಒಂದು ತಪ್ಪಿನಿಂದ ತಾವು ಹೊರಬಂದದ್ದು, ತಮ್ಮ ವಯಸ್ಸಿನ ಮಹಿಳೆಯರನ್ನು ಅನಂತರ ಕೊಲ್ಲಲಾಯಿತು ಎಂಬುದು ಅವರಿಗೆ ಬಳಿಕ ತಿಳಿಯಿತು.

ಅಕ್ಕನ ಮಾತು ತಂಗಿಯ ಕೆಲಸವಾಯಿತು. 1945ರಲ್ಲಿ ಬ್ಲೂಮೆಂಡಾಲ್‌ನ ದೊಡ್ಡ ಮನೆಯೊಂದರಲ್ಲಿ ಶಿಬಿರಗಳಿಂದ ಬದುಕಿ ಬಂದವರಿಗಾಗಿ ಪುನರ್ವಸತಿ ಕೇಂದ್ರ ಶುರುವಾಯಿತು. ಹಾರ್ಲೆಮ್‌ನ ತಮ್ಮ ಮನೆಯನ್ನು ಕೋರಿ ಬಿಟ್ಟುಕೊಟ್ಟದ್ದು ಯಾರಿಗೆ ಎಂಬುದು ಆ ಕಾಲದ ಜನಕ್ಕೆ ಜೀರ್ಣವಾಗದ ಸಂಗತಿ. ಆಕ್ರಮಣದ ಕಾಲದಲ್ಲಿ ಜರ್ಮನರೊಂದಿಗೆ ಕೈಜೋಡಿಸಿ, ಈಗ ಎಲ್ಲರ ತಿರಸ್ಕಾರಕ್ಕೆ ಗುರಿಯಾಗಿ, ತಲೆಯ ಮೇಲೆ ಸೂರಿಲ್ಲದೆ ಅಲೆಯುತ್ತಿದ್ದ ಡಚ್ಚರಿಗೆ ಆ ಮನೆ ಆಶ್ರಯವಾಯಿತು. ಪುನರ್ವಸತಿ ಕೇಂದ್ರದಲ್ಲಿ ಕೋರಿ ಒಂದು ವಿಷಯ ಗಮನಿಸಿದರು. ಹಿಂಸಿಸಿದವರನ್ನು ಕ್ಷಮಿಸಲು ಸಾಧ್ಯವಾದವರು, ದೇಹ ಎಷ್ಟೇ ಜರ್ಝರಿತವಾಗಿದ್ದರೂ, ಮತ್ತೆ ಬದುಕು ಕಟ್ಟಿಕೊಂಡರು. ಕಹಿಯನ್ನು ಪೋಷಿಸಿಕೊಂಡವರು ಚೇತರಿಸಿಕೊಳ್ಳಲಿಲ್ಲ. ಇದು ಅವರು ತಮ್ಮ ಅನುಭವದಿಂದ ಕಂಡುಕೊಂಡದ್ದು. ಬೋಧನೆಗೂ ಇದೇ ಆಧಾರವಾಯಿತು.

ಆ ಬೋಧನೆಯ ಪರೀಕ್ಷೆ ನಡೆದದ್ದು 1947ರಲ್ಲಿ, ಮ್ಯೂನಿಕ್‌ನ ಒಂದು ಚರ್ಚಿನಲ್ಲಿ. ಸೋತು ನಲುಗಿದ ಜರ್ಮನಿಯಲ್ಲಿ ದೇವರ ಕ್ಷಮೆಯ ಬಗ್ಗೆ ಅಂದು ಅವರು ಮಾತನಾಡಿದ್ದರು. ಸಭೆ ಮುಗಿದು ಜನ ಮೌನವಾಗಿ ಹೊರನಡೆಯುತ್ತಿದ್ದಾಗ ಒಬ್ಬಾತ ಮುಂದೆ ಬಂದ. ಕೋರಿ ಗುರುತು ಹಿಡಿದರು. ರಾವೆನ್ಸ್‌ಬ್ರುಕ್‌ನ ಕಾವಲುಗಾರರಲ್ಲಿ ಅವನೂ ಒಬ್ಬ. ರಾಶಿ ಬಿದ್ದ ಬಟ್ಟೆಗಳು, ಬೆತ್ತಲೆಯಾಗಿ ಅವನೆದುರು ಹಾದುಹೋಗಬೇಕಾದ ನಾಚಿಕೆ, ಮುಂದೆ ನಡೆಯುತ್ತಿದ್ದ ಅಕ್ಕನ ಎಲುಬು ಕಾಣುವ ಬೆನ್ನು ಎಲ್ಲವೂ ಒಮ್ಮೆಲೇ ಎದುರಿಗೆ ಬಂದವು. ಅವನಿಗೆ ಇವರ ನೆನಪಿರಲಿಲ್ಲ. ತಾನೀಗ ಕ್ರೈಸ್ತನಾಗಿರುವುದಾಗಿಯೂ, ದೇವರು ತನ್ನನ್ನು ಕ್ಷಮಿಸಿದ್ದಾನೆಂದು ನಂಬಿರುವುದಾಗಿಯೂ, ಆದರೆ ಇವರ ಬಾಯಿಂದಲೂ ಅದನ್ನು ಕೇಳಬೇಕೆಂದೂ ಹೇಳಿ ಅವನು ಕೈ ಚಾಚಿದ.

ಕೋರಿಯ ಕೈ ಮೇಲೇಳಲಿಲ್ಲ. ಆ ಕ್ಷಣವನ್ನು ತಪ್ಪಿಸಿಕೊಳ್ಳಲು ತಮ್ಮ ಚೀಲದಲ್ಲಿ ಏನನ್ನೋ ಹುಡುಕುವವರಂತೆ ನಟಿಸಿದರು. ಒಳಗೆ ಕ್ಷಮೆಯ ಒಂದು ಹನಿಯೂ ಇರಲಿಲ್ಲ. ಆದರೆ ಕ್ಷಮಿಸಬೇಕೆಂಬುದು ತಮ್ಮ ನಂಬಿಕೆಯ ಆಜ್ಞೆ, ಅದು ಮನಸ್ಸಿನ ಒಲವನ್ನು ಅವಲಂಬಿಸಿದ್ದಲ್ಲ ಎಂಬುದು ಅವರಿಗೆ ಗೊತ್ತಿತ್ತು. ಕೈಯನ್ನು ಎತ್ತುವಷ್ಟು ತಾನು ಮಾಡಬಲ್ಲೆ, ಭಾವನೆಯನ್ನು ನೀನೇ ಕೊಡಬೇಕು ಎಂದು ಅವರು ಮೌನವಾಗಿ ಯೇಸುವನ್ನು ಬೇಡಿದರು. ಮರದ ಕೈಯಂತೆ ಯಾಂತ್ರಿಕವಾಗಿ ಚಾಚಿದ ಆ ಕೈ ಅವನ ಕೈಯನ್ನು ಮುಟ್ಟಿದ ಮೇಲೆ, ತಮ್ಮದಲ್ಲದ ಒಂದು ಪ್ರೀತಿ ತೋಳಿನಿಂದ ಹರಿದು ಬಂದಂತಾಯಿತೆಂದೂ, ಮನಃಪೂರ್ವಕವಾಗಿ ಕ್ಷಮಿಸುವುದು ಆಗ ಸಾಧ್ಯವಾಯಿತೆಂದೂ ಅವರು ಬರೆದಿದ್ದಾರೆ.

ಈ ಪ್ರಸಂಗವನ್ನು ಪವಾಡವೆಂದು ಓದುವವರುಂಟು. ಶ್ರದ್ಧೆಯಿಲ್ಲದವರು ಇದನ್ನು ಮನಸ್ಸಿನ ವ್ಯಾಪಾರವೆಂದು ವಿವರಿಸಬಹುದು. ಎರಡೂ ಓದುಗಳಿಗೆ ಸಮಾನವಾದ ಒಂದು ಅಂಶ ಇಲ್ಲಿದೆ. ಕೈ ಚಾಚಿದ್ದು ಮೊದಲು, ಭಾವನೆ ಬಂದದ್ದು ಅನಂತರ. ಕ್ಷಮಿಸುವ ಮನಸ್ಸು ಬಂದಾಗ ಕ್ಷಮಿಸೋಣವೆಂದು ನಾವು ಕಾಯುತ್ತೇವೆ. ಮನಸ್ಸು ಬರುವುದೇ ಇಲ್ಲ. ವರ್ಷಗಳು ಕಳೆದಂತೆ ಅಣ್ಣತಮ್ಮಂದಿರ ನಡುವಿನ ಆಸ್ತಿಯ ಜಗಳ ಮುಂದಿನ ತಲೆಮಾರಿಗೂ ದಾಟುತ್ತದೆ. ಕೋರಿಗೆ ಪ್ರಾರ್ಥನೆಯೆಂದರೆ ನೆಮ್ಮದಿ ಕೊಡುವ ಜಪವಾಗಿರಲಿಲ್ಲ. ತನ್ನಿಂದಾಗದ್ದನ್ನು ತನ್ನಿಂದಾಗದೆಂದು ಒಪ್ಪಿಕೊಂಡು, ಆದರೂ ಮಾಡಲೇಬೇಕಾದದ್ದಕ್ಕೆ ಬಲ ಕೇಳುವ ದುಡಿಮೆಯಾಗಿತ್ತು.

ಇಲ್ಲಿ ಒಂದು ಗಂಭೀರ ಆಕ್ಷೇಪವನ್ನು ಬದಿಗೊತ್ತುವಂತಿಲ್ಲ. ಲಕ್ಷಗಟ್ಟಲೆ ಜನರ ಹತ್ಯೆಯಲ್ಲಿ ಭಾಗಿಯಾದವರನ್ನು ಕ್ಷಮಿಸುವ ಅಧಿಕಾರ ಯಾರದು? ನಾಜಿ ಶಿಬಿರಗಳಲ್ಲಿ ಸೆರೆಯಾಗಿದ್ದ ಯೆಹೂದಿ ಲೇಖಕ ಸೈಮನ್ ವೀಸೆಂಥಾಲ್, ತಮ್ಮ ಮುಂದೆ ಪಾಪ ನಿವೇದಿಸಿಕೊಂಡು ಕ್ಷಮೆ ಕೇಳಿದ ಸಾಯುತ್ತಿದ್ದ ನಾಜಿ ಸೈನಿಕನ ಬಳಿಯಿಂದ ಏನೂ ಹೇಳದೆ ಎದ್ದುಬಂದರು. ಅವನು ಕೊಂದದ್ದು ಬೇರೆಯವರನ್ನು, ಅವರ ಪರವಾಗಿ ತಾನು ಹೇಗೆ ಕ್ಷಮಿಸಲಿ ಎಂಬ ಪ್ರಶ್ನೆಯನ್ನು ತಮ್ಮ ಪುಸ್ತಕವೊಂದರಲ್ಲಿ ಅವರು ಜಗತ್ತಿನ ಮುಂದಿಟ್ಟರು. ಆ ಮೌನಕ್ಕೆ ಅದರದೇ ಆದ ಘನತೆಯಿದೆ. ಕೋರಿಯ ಕ್ಷಮೆಯನ್ನು ಮುಂದೆ ಹಿಡಿದು ಅಂಥ ಮೌನವನ್ನು ಕೀಳುಗಳೆಯುವುದು ಅನ್ಯಾಯ. ಕೋರಿ ಕ್ಷಮಿಸಿದ್ದು ತಮಗಾದದ್ದನ್ನು. ಸತ್ತ ಯೆಹೂದ್ಯರ ಪಾಲಿನ ಕ್ಷಮೆಯನ್ನು ಹಂಚುವ ಹಕ್ಕು ಅವರಿಗೂ ಇರಲಿಲ್ಲ.

ಕ್ಷಮೆ ನ್ಯಾಯದ ಬದಲಿಯೂ ಅಲ್ಲ. ಮ್ಯೂನಿಕ್‌ನ ಆ ಸಂಜೆಯ ಆಸುಪಾಸಿನಲ್ಲೇ, 1946ರ ಕೊನೆಯಿಂದ 1948ರವರೆಗೆ, ಹ್ಯಾಂಬರ್ಗ್‌ನಲ್ಲಿ ಬ್ರಿಟಿಷ್ ಸೇನಾ ನ್ಯಾಯಾಲಯ ರಾವೆನ್ಸ್‌ಬ್ರುಕ್‌ನ ಅಧಿಕಾರಿಗಳನ್ನೂ ಕಾವಲಿನವರನ್ನೂ ವಿಚಾರಣೆ ನಡೆಸಿ ಹಲವರಿಗೆ ಮರಣದಂಡನೆ ವಿಧಿಸುತ್ತಿತ್ತು. ಒಬ್ಬ ವ್ಯಕ್ತಿಯ ಕ್ಷಮೆ ನ್ಯಾಯಾಲಯದ ಬಾಗಿಲನ್ನು ಮುಚ್ಚುವುದಿಲ್ಲ, ಮುಚ್ಚಲೂಬಾರದು. ದುರ್ಬಲರಿಗೆ ಅನ್ಯಾಯ ಮಾಡಿದವರು ಅವರಿಂದಲೇ ಕ್ಷಮೆಯನ್ನು ಹಕ್ಕಿನಂತೆ ವಸೂಲಿ ಮಾಡುವ ಪರಿಪಾಠ ಎಲ್ಲ ಸಮಾಜಗಳಲ್ಲೂ ಇರುವುದರಿಂದ ಈ ಎಚ್ಚರ ಅಗತ್ಯ.

ಕೋರಿಯ ಪ್ರಾಮಾಣಿಕತೆ ಎದ್ದು ಕಾಣುವುದು ಅವರು ಮುಂದೆ ಹೇಳಿಕೊಂಡ ಒಂದು ಸಣ್ಣ ಸಂಗತಿಯಲ್ಲಿ. ಕಾವಲುಗಾರನನ್ನು ಕ್ಷಮಿಸಿದ ಅವರಿಗೆ, ಅನೇಕ ವರ್ಷಗಳ ಬಳಿಕ ತಮಗೆ ಕೇಡು ಬಗೆದ ಕ್ರೈಸ್ತ ಸ್ನೇಹಿತರನ್ನು ಕ್ಷಮಿಸುವುದು ಕಷ್ಟವಾಯಿತು. ಕ್ಷಮಿಸಿದ ಮೇಲೂ ರಾತ್ರಿ ಎಚ್ಚರವಾದಾಗಲೆಲ್ಲ ನೋವು ಮರುಕಳಿಸುತ್ತಿತ್ತು. ಪಾದ್ರಿಯೊಬ್ಬರು ಅವರಿಗೆ ಚರ್ಚಿನ ಗಂಟೆಯ ಹೋಲಿಕೆ ಕೊಟ್ಟರು. ಹಗ್ಗವನ್ನು ಬಿಟ್ಟ ಮೇಲೂ ಗಂಟೆ ಕೆಲ ಹೊತ್ತು ಬಾರಿಸುತ್ತಲೇ ಇರುತ್ತದೆ, ಎಳೆಯದಿದ್ದರೆ ತಾನಾಗಿ ನಿಧಾನವಾಗಿ ನಿಲ್ಲುತ್ತದೆ. ಕ್ಷಮಿಸುವುದೆಂದರೆ ಹಗ್ಗದಿಂದ ಕೈ ತೆಗೆಯುವುದು. ಅಷ್ಟಾದರೂ ಆ ಸ್ನೇಹಿತರ ತಪ್ಪನ್ನು ಸಾಬೀತುಪಡಿಸುವ ಪತ್ರಗಳನ್ನು ಅವರು ಜೋಪಾನವಾಗಿ ಇಟ್ಟುಕೊಂಡಿದ್ದರು. ಅದು ಅರಿವಿಗೆ ಬಂದ ದಿನ ಅವುಗಳನ್ನು ಬೆಂಕಿಗೆ ಹಾಕಿದರು. ದೊಡ್ಡ ವೈರಿಯನ್ನು ಕ್ಷಮಿಸಿದವರಿಗೆ ಹತ್ತಿರದವರ ಸಣ್ಣತನ ದೊಡ್ಡ ಪರೀಕ್ಷೆಯಾಯಿತೆಂಬುದರಲ್ಲಿ ನಮ್ಮ ದಿನನಿತ್ಯದ ಬದುಕಿಗೆ ಹತ್ತಿರವಾದ ಸತ್ಯವಿದೆ.

ಮೂರು ದಶಕಗಳ ಕಾಲ ಕೋರಿ ಅರವತ್ತಕ್ಕೂ ಹೆಚ್ಚು ದೇಶಗಳನ್ನು ಸುತ್ತಿ ಮಾತನಾಡಿದರು. 1967ರಲ್ಲಿ ಇಸ್ರೇಲ್‌ನ ಯಾದ್ ವಾಶೆಮ್ ಸಂಸ್ಥೆ, ಯೆಹೂದ್ಯರನ್ನು ರಕ್ಷಿಸಿದ ಅನ್ಯಧರ್ಮೀಯರಿಗೆ ಸಲ್ಲುವ ಗೌರವವನ್ನು ಅವರಿಗೆ ನೀಡಿತು. 1971ರಲ್ಲಿ ಪ್ರಕಟವಾದ ಅವರ ಆತ್ಮಕಥನ ‘ದ ಹೈಡಿಂಗ್ ಪ್ಲೇಸ್’ 1975ರಲ್ಲಿ ಚಲನಚಿತ್ರವೂ ಆಯಿತು. 1978ರಲ್ಲಿ ಪಾರ್ಶ್ವವಾಯು ಬಡಿದು, ಲೋಕಕ್ಕೆಲ್ಲ ಮಾತನಾಡಿದವರ ಮಾತೇ ನಿಂತುಹೋಯಿತು. ಐದು ವರ್ಷ ಕ್ಯಾಲಿಫೋರ್ನಿಯಾದ ಮನೆಯಲ್ಲಿ ಹಾಸಿಗೆ ಹಿಡಿದಿದ್ದು, 1983ರ ಏಪ್ರಿಲ್ 15ರಂದು, ತಮ್ಮ 91ನೆಯ ಹುಟ್ಟುಹಬ್ಬದ ದಿನವೇ ತೀರಿಕೊಂಡರು.

ಹಾರ್ಲೆಮ್‌ನ ಆ ಮನೆ 1988ರಿಂದ ವಸ್ತುಸಂಗ್ರಹಾಲಯವಾಗಿದೆ. ಸುಳ್ಳು ಗೋಡೆಯ ಒಂದು ಭಾಗವನ್ನು ತೆರೆದು, ಹಿಂದಿನ ಇಕ್ಕಟ್ಟಾದ ಜಾಗ ಕಾಣುವಂತೆ ಮಾಡಿದ್ದಾರೆ. ಅಪಾಯದಲ್ಲಿದ್ದ ಅಪರಿಚಿತರಿಗೆ ಆ ಮನೆ ಬಾಗಿಲು ತೆರೆಯಿತು. ಮುಂದೆ ಅಪರಾಧಿಗಳೆನಿಸಿಕೊಂಡವರಿಗೂ ತೆರೆಯಿತು. ಮೊದಲನೆಯದಕ್ಕೆ ಧೈರ್ಯ ಸಾಕಿತ್ತು. ಎರಡನೆಯದಕ್ಕೆ ಧೈರ್ಯ ಸಾಲದೆಂದು ಅರಿತೇ ಕೋರಿ ಪ್ರಾರ್ಥಿಸಿದರು.